ಹತ್ತನೇ ಓದುವ ಮಕ್ಕಳಿರುವ ಕೃಷಿಕ ಮನೆಯವರಿಗೆ: ಶಾಲೆ ಬಿಡುವ ಮೊದಲು ಆಗಬೇಕಾದ ಕೆಲಸಗಳು

ಅಣ್ಣ, ನಮಸ್ಕಾರ. ಅಡಿಕೆಯ ಕೊಳೆರೋಗ, ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅಂತ ಮಾತಾಡುವ ಗುಂಪಿನಲ್ಲಿ ಶಾಲೆಯ ವಿಷಯ ಕೇಳ್ತಾ ಇದ್ದೇನೆ, ಬೇಸರ ಮಾಡಬೇಡಿ ಅಂತ ಬರೆದಿದ್ದೀರಿ. ಬೇಸರ ಎಂಥದ್ದು? ಇಲ್ಲಿ ಎಷ್ಟೋ ಮನೆಗಳಲ್ಲಿ ಹೈಸ್ಕೂಲಿನ ಮಕ್ಕಳಿದ್ದಾರೆ. ಮಗಳು ಈ ಸಲ ಎಸ್ಸೆಸ್ಸೆಲ್ಸಿ, ಮುಂದೆ ಬಿಎಸ್ಸಿ ಅಗ್ರಿ (ಕೃಷಿ ಪದವಿ) ಓದುವ ಆಸೆ, ಶಾಲೆಯಿಂದ ಒಂದರ ಮೇಲೊಂದು ಸೂಚನೆ ಬರ್ತಾ ಉಂಟು, ಯಾವುದನ್ನು ಈಗಲೇ ಮಾಡಬೇಕು, ಯಾವುದನ್ನು ರಜೆಗೆ ಬಿಡಬಹುದು ಅಂತ ನಿಮ್ಮ ಪ್ರಶ್ನೆ. ನಾನು ಉಡುಪಿ ಜಿಲ್ಲೆಯಲ್ಲಿ ಹೈಸ್ಕೂಲ್ ಮಾಸ್ಟ್ರು, ಮನೆಯಲ್ಲಿ ಅಡಿಕೆ ತೋಟ ಉಂಟು. ಸ್ವಲ್ಪ ಉದ್ದಕ್ಕೆ ಬರೀತೇನೆ, ಉಳಿದವರಿಗೂ ಉಪಯೋಗ ಆಗಲಿ.

ನನ್ನ ಅಭಿಪ್ರಾಯ ಇಷ್ಟೇ: ಕಾಲೇಜು ಹುಡುಕುವುದಕ್ಕಿಂತ ಮೊದಲು ಕಾಗದಪತ್ರ ಸರಿ ಮಾಡಿಕೊಳ್ಳಿ. ಅಂಕದ ವಿಷಯದಲ್ಲಿ ನಮ್ಮ ಕಡೆಯ ಮಕ್ಕಳಿಗೆ ದೊಡ್ಡ ಹೆದರಿಕೆ ಬೇಡ. ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೇದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೇದು. ಕಷ್ಟ ಬರುವುದು ಅದರ ನಂತರ. ಫಲಿತಾಂಶ 2024ರಲ್ಲಿ ಮೇ 9ಕ್ಕೆ, 2025ರಲ್ಲಿ ಮೇ 2ಕ್ಕೆ ಬಂತು. ಜೂನ್ ಬಂದರೆ ಪಿಯುಸಿ ಕ್ಲಾಸು. ನಡುವೆ ಸಿಗುವುದು ಕೆಲವೇ ವಾರ. ಆಗ ನಾಡಕಚೇರಿಯ ಎದುರು ಊರಿಗೆ ಊರೇ ನಿಂತಿರ್ತದೆ, ನಮಗೂ ಮಳೆಗಾಲಕ್ಕೆ ಮೊದಲಿನ ತೋಟದ ಕೆಲಸ ತಲೆಮೇಲೆ ಇರ್ತದೆ.

ಮೊದಲು ಹೆಸರು ನೋಡಿ. ಮಾರ್ಕ್ಸ್ ಕಾರ್ಡಿನಲ್ಲಿ ಬರುವ ಮಗುವಿನ ಹೆಸರು, ಜನ್ಮದಿನಾಂಕ, ತಂದೆ-ತಾಯಿಯ ಹೆಸರು ಮುಂದೆ ಪಾಸ್‌ಪೋರ್ಟ್ ತನಕ ಹೋಗುವ ದಾಖಲೆ. ಪರೀಕ್ಷೆಗೆ ಮೊದಲು ಶಾಲೆಯಲ್ಲಿ ಮಕ್ಕಳ ವಿವರದ ಪಟ್ಟಿ ತೋರಿಸಿ ಸಹಿ ಹಾಕಿಸ್ತಾರೆ. ಮಗಳು ಅವಸರದಲ್ಲಿ ಸಹಿ ಹಾಕಿ ಬರುವುದು ಬೇಡ, ನೀವೇ ಹೋಗಿ ಆಧಾರ್ ಎದುರಿಟ್ಟು ಓದಿ. ನಮ್ಮ ಜಿಲ್ಲೆಗಳಲ್ಲಿ ಶಾಲೆಯ ದಾಖಲೆಯಲ್ಲಿ ಬರೀ ಇನಿಷಿಯಲ್, ಆಧಾರಿನಲ್ಲಿ ಶೆಟ್ಟಿ, ಪೂಜಾರಿ, ನಾಯಕ್ ಅಂತ ಇರುವುದು ತುಂಬಾ ಸಾಮಾನ್ಯ. ತಾಯಿಯ ಹೆಸರು ಮದುವೆಗೆ ಮೊದಲಿನದ್ದು ಒಂದು ಕಡೆ, ನಂತರದ್ದು ಇನ್ನೊಂದು ಕಡೆ ಇರುವುದೂ ಉಂಟು. ಕಾರ್ಡು ಅಚ್ಚಾಗುವ ಮೊದಲಾದರೆ ಹೆಡ್‌ಮಾಸ್ಟ್ರ ಹತ್ತಿರ ಹೇಳಿ ಸರಿ ಮಾಡಿಸಬಹುದು. ಅಚ್ಚಾದ ಮೇಲೆ ಪರೀಕ್ಷಾ ಮಂಡಳಿಯ ತನಕ ಓಡಬೇಕು.

ಆಧಾರ್ ಅಂದಾಗ ಇನ್ನೊಂದು. ಹದಿನೈದು ತುಂಬಿದ ಮಕ್ಕಳ ಬೆರಳಚ್ಚು, ಕಣ್ಣು, ಫೋಟೋ ಹೊಸದಾಗಿ ಕೊಡುವುದು ಕಡ್ಡಾಯ. ಸಣ್ಣ ಇರುವಾಗ ತೆಗೆದ ಫೋಟೋ ಇಟ್ಟುಕೊಂಡು ಮುಂದೆ ಸಿಇಟಿ, ನೀಟ್ ಅಂತ ಪಿಯುಸಿ ನಂತರದ ಪ್ರವೇಶ ಪರೀಕ್ಷೆಗಳಿಗೆ ಅರ್ಜಿ ಹಾಕುವಾಗ ಒದ್ದಾಡುವುದು ಯಾಕೆ? ಹೋದಾಗ ಫೋನ್ ನಂಬರನ್ನೂ ನೋಡಿ. ಎಲ್ಲದಕ್ಕೂ ಒಟಿಪಿ ಬರುವುದು ಅದಕ್ಕೇ, ಮುಂಬೈಯಲ್ಲಿರುವ ಮಾವನ ನಂಬರು ಕೊಟ್ಟಿದ್ದರೆ ಪ್ರತಿ ಸಲ ಅವರಿಗೆ ಫೋನ್ ಮಾಡಬೇಕು.

ಜಾತಿ-ಆದಾಯ ಪ್ರಮಾಣಪತ್ರಕ್ಕೆ ಈಗಲೇ ಅರ್ಜಿ ಹಾಕಿ. ಆದಾಯದ್ದು ಐದು ವರ್ಷ ಚಾಲ್ತಿಯಲ್ಲಿರ್ತದೆ, ಆದ್ದರಿಂದ ಈಗ ಮಾಡಿಸಿದ್ದು ಪಿಯುಸಿ ಮುಗಿದು ಸಿಇಟಿ ಸೀಟಿನ ತನಕ ಬರ್ತದೆ. ಹಳೆಯದ್ದು ಇದ್ದರೆ ತಾರೀಕು ನೋಡಿ, ಏಳನೇಯಲ್ಲಿ ಮಾಡಿಸಿದ್ದು ಸರಿಯಾಗಿ ಬೇಕಾದ ಹೊತ್ತಿಗೇ ಮುಗಿದಿರ್ತದೆ. ಅದರ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರ್ (ಪ್ರಮಾಣಪತ್ರದ ಸಂಖ್ಯೆ) ಎಲ್ಲಾ ಕಡೆ ಕೇಳ್ತಾರೆ. ಅದನ್ನೂ, ಶಾಲೆಯವರು ಪ್ರತಿ ಮಗುವಿಗೆ ಆನ್‌ಲೈನ್ ದಾಖಲೆಯಲ್ಲಿ ಕೊಟ್ಟಿರುವ ಸ್ಯಾಟ್ಸ್ ನಂಬರನ್ನೂ ಒಂದೇ ಕಡೆ ಬರೆದಿಟ್ಟುಕೊಳ್ಳಿ.

ಇನ್ನು ಬಹಳ ಜನ ಬಿಟ್ಟುಬಿಡುವ ಕೆಲಸ, ವ್ಯಾಸಂಗ ಪ್ರಮಾಣಪತ್ರ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಉಂಟು, ಕನ್ನಡ ಮಾಧ್ಯಮದ ಮೀಸಲಾತಿ ಉಂಟು. ಎರಡಕ್ಕೂ ಒಂದರಿಂದ ಹತ್ತನೇ ತನಕ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದು ಅಂತ ತೋರಿಸಬೇಕು. ಈಗ ಸ್ಯಾಟ್ಸ್ ನಂಬರಿನಿಂದ ಬಹಳಷ್ಟು ಆನ್‌ಲೈನಿನಲ್ಲೇ ಹೋಲಿಕೆ ಆಗ್ತದೆ, ಆದರೆ ಎಲ್ಲಿಯಾದರೂ ತಾಳೆ ಆಗದಿದ್ದರೆ ಕಾಗದವೇ ಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು. ನಮ್ಮ ಹಳ್ಳಿಯ ಪ್ರಾಥಮಿಕ ಶಾಲೆಗಳ ಸ್ಥಿತಿ ನಿಮಗೆ ಗೊತ್ತೇ ಉಂಟು. ಮಕ್ಕಳಿಲ್ಲದೆ ಶಾಲೆ ಮುಚ್ಚಿದರೆ ರಿಜಿಸ್ಟರು ಬೇರೆ ಶಾಲೆಗೆ ಹೋಗ್ತದೆ, ಎರಡು ವರ್ಷ ಬಿಟ್ಟು ಹುಡುಕಲಿಕ್ಕೆ ಹೊರಟರೆ ಅಲ್ಲಿ ಗುರುತಿನವರು ಯಾರೂ ಇರುವುದಿಲ್ಲ. ಮಗಳು ಏಳನೇ ತನಕ ಓದಿದ ಶಾಲೆಗೆ ಈಗಲೇ ಹೋಗಿ ತೆಗೆದುಕೊಳ್ಳಿ, ಹೈಸ್ಕೂಲಿನದ್ದನ್ನು ಟಿಸಿ (ವರ್ಗಾವಣೆ ಪತ್ರ) ತೆಗೆಯುವ ದಿನವೇ ಕೇಳಿ. ಬಜ್ಪೆ, ಕಿನ್ನಿಗೋಳಿ ಹಾಗೆ ಗ್ರಾಮ ಪಂಚಾಯತ್ ಇದ್ದದ್ದು ಪಟ್ಟಣ ಪಂಚಾಯತ್ ಆದ ಊರಿನವರು, ಗ್ರಾಮೀಣ ಮೀಸಲಾತಿಗೆ ತೊಡಕಾಗದ ಹಾಗೆ, ಯಾವ ವರ್ಷ ಯಾವ ತರಗತಿ ಅಂತ ಸ್ಪಷ್ಟವಾಗಿ ಬರೆಸಿಕೊಂಡು ಬಿಇಒ ಕಚೇರಿಯಲ್ಲಿ ತೋರಿಸಿ ಕೇಳುವುದು ಒಳ್ಳೆಯದು.

ಬಿಎಸ್ಸಿ ಅಗ್ರಿ ವಿಷಯಕ್ಕೆ ಬರ್ತೇನೆ. ಪಿಯುಸಿಯಲ್ಲಿ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ತೆಗೆದುಕೊಳ್ಳಲಿ. ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ತೆಗೆದುಕೊಂಡರೆ ಆ ದಾರಿ ಕಷ್ಟ, ಕಾಲೇಜಿನಲ್ಲಿ ಯಾರು ಏನೇ ಹೇಳಿದರೂ ಇದನ್ನು ಬಿಡಬೇಡಿ. ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು. ಅದಕ್ಕೆ ಕೃಷಿಕ ಕುಟುಂಬ ಅಂತ ಕಂದಾಯ ಇಲಾಖೆಯ ದಾಖಲೆಯಿಂದ ತೋರಿಸಬೇಕು. ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ತೋಟ ನಾವು ಮಾಡುವುದು, ಆರ್‌ಟಿಸಿ (ಪಹಣಿ) ಇರುವುದು ಅಜ್ಜನ ಹೆಸರಿನಲ್ಲಿ, ಇಲ್ಲವೇ ಪಾಲಾಗದ ಕುಟುಂಬದ ಜಾಗ, ಅದರಲ್ಲಿ ಏಳೆಂಟು ಹೆಸರು. ಅಜ್ಜ ತೀರಿಹೋಗಿದ್ದರೆ ಪೌತಿ ಖಾತೆ, ಅಂದರೆ ಜಾಗ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿದೆಯಾ ನೋಡಿ. ಆಗದಿದ್ದರೆ ಮೊದಲು ವಂಶವೃಕ್ಷ ಮಾಡಿಸಿ ಆ ಕೆಲಸ ಶುರು ಮಾಡಿ. ಇದು ವಾರದಲ್ಲಿ ಮುಗಿಯುವ ಕೆಲಸ ಅಲ್ಲ, ದಾಯಾದಿಗಳು ಸಹಿ ಹಾಕಬೇಕು, ಕೆಲವರು ಊರಲ್ಲೇ ಇಲ್ಲ. ನಿಮಗೆ ಎರಡು ವರ್ಷ ಸಮಯ ಉಂಟು, ಸಿಇಟಿ ಎದುರು ಬಂದಾಗ ಎರಡು ವಾರವೂ ಇರುವುದಿಲ್ಲ.

ಆ ಕೋಟಾಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಸಲಕರಣೆ ಎದುರಿಟ್ಟು ಗುರುತಿಸಲಿಕ್ಕೆ ಹೇಳ್ತಾರೆ. ತೋಟದಲ್ಲಿ ಬೆಳೆದ ಮಕ್ಕಳಿಗೆ ಇದು ಸುಲಭ ಅಂತ ನಾವು ಅಂದುಕೊಳ್ಳುತ್ತೇವೆ, ಪೂರ್ತಿ ನಿಜ ಅಲ್ಲ. ನಮ್ಮ ಮಕ್ಕಳಿಗೆ ಹಿಂಗಾರ ಗೊತ್ತು, ಕರಿಮೆಣಸಿನ ಬಳ್ಳಿ ಗೊತ್ತು, ಭತ್ತ ಗೊತ್ತು. ತೊಗರಿ, ಜೋಳ, ಸಜ್ಜೆ, ಕುಸುಬೆ ಬೆಳೆಯುವುದನ್ನು ಅವರು ನೋಡಿದ್ದೇ ಇಲ್ಲ. ಬಯಲುಸೀಮೆಯ ಮಕ್ಕಳಿಗೆ ಅದು ಮನೆಯಂಗಳದ ವಸ್ತು. ಆದ್ದರಿಂದ ಈ ರಜೆಯಲ್ಲಿ ಮಗಳಿಗೆ ಸಣ್ಣ ಸಣ್ಣ ಡಬ್ಬಿಗಳಲ್ಲಿ ಬೀಜ ಒಟ್ಟು ಮಾಡಲಿಕ್ಕೆ ಹೇಳಿ. ಪೇಟೆಗೆ ಹೋದಾಗ ಅರ್ಧ ಮುಷ್ಟಿ ತಂದರೆ ಸಾಕು. ಯೂರಿಯಾ, ಡಿಎಪಿ, ಪೊಟ್ಯಾಷ್, ಶಿಲಾರಂಜಕ ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ಗುರುತು ಹಿಡಿಯಲಿ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ನಿಮಗೆ ದೂರ ಅಲ್ಲ, ಒಂದು ದಿನ ಕರೆದುಕೊಂಡು ಹೋಗಿ. ಹುಡುಗಿಗೆ ನಿಜವಾಗಿ ಆಸಕ್ತಿ ಉಂಟಾ ಅಂತ ನಿಮಗೂ ಅಲ್ಲಿ ಗೊತ್ತಾಗ್ತದೆ. ಅಗ್ರಿ ಸೀಟು ಸಿಗದಿದ್ದರೆ ಎಲ್ಲಾ ಮುಗಿಯಿತು ಅಂತ ತಿಳಿಯಬೇಡಿ. 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು ಇರುವುದು ನಮ್ಮ ಮಂಗಳೂರಿನಲ್ಲೇ. ಅದೂ ನಾಲ್ಕು ವರ್ಷದ ಪದವಿ, ಕರಾವಳಿಯ ಮಕ್ಕಳು ಅದನ್ನು ಯಾಕೆ ಇನ್ನೂ ಹೆಚ್ಚು ಕೇಳುವುದಿಲ್ಲ ಅಂತ ನನಗೆ ಯಾವಾಗಲೂ ಅನ್ನಿಸ್ತದೆ.

ವಿದ್ಯಾರ್ಥಿವೇತನದಲ್ಲಿ ನಮಗೆ ಮುಖ್ಯ, ರೈತರ ಮಕ್ಕಳಿಗಾಗಿ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ. ಶುರುವಿನಲ್ಲಿ ನಿಗದಿ ಮಾಡಿದ್ದು ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000 ರೂಪಾಯಿ. ಪದವಿಗೆ ಇನ್ನೂ ಹೆಚ್ಚು. ಇದಕ್ಕೆ ಫ್ರೂಟ್ಸ್ ಅನ್ನುವ ಸರಕಾರದ ರೈತರ ಆನ್‌ಲೈನ್ ದಾಖಲೆಯಲ್ಲಿ ಸಿಗುವ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಬೇಕು, ಅದರಲ್ಲಿ ನಿಮ್ಮ ಎಲ್ಲಾ ಸರ್ವೆ ನಂಬರ್ ಸೇರಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹಣ ಬರುವುದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಊರಿನ ಸೊಸೈಟಿಯಲ್ಲಿ ಮಾತ್ರ ಉಳಿತಾಯ ಖಾತೆ ಇದ್ದರೆ ಆಗ್ಲಿಕ್ಕಿಲ್ಲ, ಮಗಳ ಹೆಸರಿನಲ್ಲಿ ಬ್ಯಾಂಕಿನಲ್ಲೋ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕಿನಲ್ಲೋ ಒಂದು ಖಾತೆ ತೆರೆಯಿರಿ. ಎಂಟನೇಯಲ್ಲಿ ಮಕ್ಕಳಿರುವವರು, ಸರಕಾರಿ ಅಥವಾ ಅನುದಾನಿತ ಶಾಲೆಯಾದರೆ, ಎನ್‌ಎಂಎಂಎಸ್ ಅನ್ನುವ ಕೇಂದ್ರದ ವಿದ್ಯಾರ್ಥಿವೇತನದ ಪರೀಕ್ಷೆ ಬಿಡಬೇಡಿ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವ ತನಕ ವರ್ಷಕ್ಕೆ 12,000 ಸಿಗ್ತದೆ.

ಪರೀಕ್ಷೆಯ ಬಗ್ಗೆ ಎರಡು ಮಾತು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಯಾವುದರಲ್ಲಿ ಹೆಚ್ಚು ಅಂಕವೋ ಅದು ಉಳೀತದೆ. ಹಾಗಂತ ಮೊದಲನೆಯದನ್ನು ಸಡಿಲ ಬಿಡಬೇಡಿ, ಕಾಲೇಜಿನವರು ಸೀಟು ತುಂಬಿಸುವುದು ಅದರ ಅಂಕ ನೋಡಿಯೇ. ಕೆಎಸ್‌ಆರ್‌ಟಿಸಿಯಲ್ಲಿ ಪ್ರವೇಶಪತ್ರ ತೋರಿಸಿದರೆ ಪರೀಕ್ಷೆಯ ದಿನ ಟಿಕೆಟ್ ಇಲ್ಲ, ಆದರೆ ನಮ್ಮ ಹಳ್ಳಿಗಳಿಗೆ ಬರುವುದು ಹೆಚ್ಚಾಗಿ ಖಾಸಗಿ ಬಸ್ಸು. ಬೇರೆ ಶಾಲೆಯಲ್ಲಿ ಕೇಂದ್ರ ಬಿದ್ದರೆ ಬಸ್ಸಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಆ ಹದಿನೈದು ದಿನ ಗೇರುಬೀಜ ಹೆಕ್ಕಲಿಕ್ಕೆ ಅವಳನ್ನು ಕಳಿಸಬೇಡಿ. ಮನೆಯಲ್ಲಿ ದೈವದ ಕೋಲವೋ ತಂಬಿಲವೋ ಇಟ್ಟುಕೊಂಡಿದ್ದರೆ, ಹಿರಿಯರನ್ನು ಕೇಳಿ ಪರೀಕ್ಷೆ ಮುಗಿದ ಮೇಲಕ್ಕೆ ಹಾಕಿಸಿ. ರಾತ್ರಿಯಿಡೀ ನೆಂಟರಿರುವ ಮನೆಯಲ್ಲಿ ಮಗು ಗಣಿತಕ್ಕೆ ಓದುವುದು ಹೇಗೆ?

ಖಾಸಗಿ ಪಿಯು ಕಾಲೇಜುಗಳು ಫಲಿತಾಂಶಕ್ಕೆ ಮೊದಲೇ ಮುಂಗಡ ಕೇಳ್ತವೆ. ಕೊಡುವ ಮೊದಲು ಮಗು ಸೇರದಿದ್ದರೆ ಎಷ್ಟು ವಾಪಸ್ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹತ್ತಿರದ ಸರಕಾರಿ ಪಿಯು ಕಾಲೇಜಿನಲ್ಲಿ ವಿಜ್ಞಾನಕ್ಕೆ ಉಪನ್ಯಾಸಕರು ಪೂರ್ತಿ ಇದ್ದಾರಾ ಅಂತ ಮೊದಲು ವಿಚಾರಿಸಿ. ಇದ್ದರೆ ನಾನಂತೂ ಅಲ್ಲಿಗೇ ಹಾಕಿ ಅಂತೇನೆ. ಅಡಿಕೆ ಮಾರಿದ ದುಡ್ಡು ಡಿಗ್ರಿಗೆ ಉಳೀತದೆ.

ಗ್ರಂಥಾಲಯದ ಪುಸ್ತಕ ವಾಪಸ್, ಟಿಸಿಯ ನಾಲ್ಕು ಜೆರಾಕ್ಸ್, ಮಾರ್ಕ್ಸ್ ಕಾರ್ಡು ಡಿಜಿಲಾಕರಿಗೆ, ಇವೆಲ್ಲ ರಜೆಯಲ್ಲಿ ಆಗ್ತದೆ.

ನಿಮ್ಮ ಆರ್‌ಟಿಸಿ ಈಗ ಯಾರ ಹೆಸರಿನಲ್ಲಿ ಉಂಟು, ಮಗಳು ಏಳನೇ ತನಕ ಯಾವ ಪಂಚಾಯತ್ ವ್ಯಾಪ್ತಿಯಲ್ಲಿ ಓದಿದ್ದು ಅಂತ ಇಲ್ಲಿ ಬರೆಯಿರಿ ಅಣ್ಣ, ಸರ್ವೆ ನಂಬರ್ ಹಾಕಬೇಡಿ. ಎಲ್ಲಿಂದ ಶುರು ಮಾಡುವುದು ಅಂತ ಅದನ್ನು ನೋಡಿ ಹೇಳ್ತೇನೆ.