ದೊಡ್ಡ ನದಿಯಾಗಲಿ ಬಂದರಾಗಲಿ ಇಲ್ಲದ ಕಾಡಿನ ನಡುವೆ ಅಮೆರಿಕದ ಇಂಡಿಯಾನಾ ರಾಜ್ಯದ ರಾಜಧಾನಿ ಇಂಡಿಯಾನಾಪೊಲಿಸ್ ಅನ್ನು ಏಕೆ ಕಟ್ಟಿದರು?

ಮುಖ್ಯ ಕಾರಣ, ಆ ಜಾಗ ರಾಜ್ಯದ ನಟ್ಟನಡುವೆ ಇತ್ತು. 1816ರಲ್ಲಿ ಇಂಡಿಯಾನಾ ರಾಜ್ಯವಾದಾಗ ಜನವಸತಿ ಹೆಚ್ಚಾಗಿ ದಕ್ಷಿಣದ ಒಹಾಯೊ ನದಿಯ ಕಡೆಗಿತ್ತು, ರಾಜಧಾನಿಯೂ ಅತ್ತಲೇ, ಕಾರಿಡನ್‌ನಲ್ಲಿ. ಹೊಸ ರಾಜಧಾನಿಗೆಂದು ಅಮೆರಿಕದ ಸಂಸತ್ತು ನಾಲ್ಕು ಚದರ ಮೈಲಿ ಭೂಮಿ ಕೊಟ್ಟಿತ್ತು.

ಆದರೆ ಮಧ್ಯಭಾಗ 'ಖಾಲಿ' ನೆಲವಾಗಿರಲಿಲ್ಲ. ಅಲ್ಲಿ ಲೆನಾಪೆ, ಅಂದರೆ ಡೆಲವೇರ್ ಎಂಬ ಮೂಲನಿವಾಸಿ ಜನರ ಊರುಗಳಿದ್ದವು. 1818ರ ಸೇಂಟ್ ಮೇರೀಸ್ ಒಪ್ಪಂದದಲ್ಲಿ ಅವರು ಭೂಮಿ ಬಿಟ್ಟುಕೊಟ್ಟು ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಹೋಗಬೇಕಾಯಿತು. ಊರು ಹುಟ್ಟಿದ ಕಥೆ ಹೇಳುವವರು ಇದನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

1820ರಲ್ಲಿ ವೈಟ್ ನದಿಯ ದಂಡೆಯನ್ನು ಆರಿಸಿದರು. ಮರುವರ್ಷ ಭೂಮಾಪಕ ಅಲೆಕ್ಸಾಂಡರ್ ರಾಲ್‌ಸ್ಟನ್ ಒಂದು ಚದರ ಮೈಲಿಯ ನಕ್ಷೆ ಬರೆದ: ನಡುವೆ ವೃತ್ತ, ಅದರ ಸುತ್ತಲಿಂದ ನಾಲ್ಕು ಓರೆ ಬೀದಿಗಳು. ಆತ ಮೊದಲು ವಾಷಿಂಗ್ಟನ್ ನಗರದ ಯೋಜನೆಯಲ್ಲಿ ದುಡಿದವನು, ಅದರ ಛಾಯೆ ಇಲ್ಲಿ ಸ್ಪಷ್ಟ. ನಿವೇಶನಗಳನ್ನು ಮಾರಿ ರಾಜ್ಯ ಹಣ ಕೂಡಿಸಿತು. ಅದೇ 1821ರಲ್ಲಿ ಮಲೇರಿಯಾ ನೆಲಸಿಗರನ್ನು ಹಾಸಿಗೆ ಹಿಡಿಸಿತು.

ಸರ್ಕಾರ ಅಲ್ಲಿಗೆ ಬಂದದ್ದು 1825ರಲ್ಲಿ. ವೈಟ್ ನದಿ ಆಳವಿಲ್ಲದ್ದು, ಹಡಗು ಸಂಚಾರಕ್ಕೆ ಒದಗಲಿಲ್ಲ. ಊರು ನಿಜವಾಗಿ ಬೆಳೆದದ್ದು 1847ರಲ್ಲಿ ಮ್ಯಾಡಿಸನ್‌ನಿಂದ ರೈಲು ಬಂದ ಮೇಲೆ.