ಮಸಾಲೆಗಳಿಗೆ ಹಿಂದೆ ಅಷ್ಟೊಂದು ಬೆಲೆ ಯಾಕಿತ್ತು, ಕೆಟ್ಟ ಮಾಂಸದ ವಾಸನೆ ಮುಚ್ಚೋಕಾ?

ಇಲ್ಲ, ಆ ಕಥೆ ಎಲ್ಲಾ ಕಡೆ ಓಡಾಡುತ್ತೆ ಆದ್ರೆ ನಂಬೋ ಹಾಗಿಲ್ಲ, ಯಾಕಂದ್ರೆ ಮಧ್ಯಯುಗದ ಯೂರೋಪಲ್ಲಿ ಮೆಣಸು ಲವಂಗ ಕೊಳ್ಳೋ ತಾಕತ್ತಿದ್ದವರಿಗೆ ತಾಜಾ ಮಾಂಸ ತರೋದು ಕಷ್ಟವೇ ಆಗಿರ್ಲಿಲ್ಲ.

ಬೆಲೆ ಏರಿಸಿದ್ದು ದೂರ. ಜಾಯಿಕಾಯಿನೇ ತಗೊಳ್ಳಿ, ಆಗ ಪ್ರಪಂಚಕ್ಕೆಲ್ಲಾ ಅದು ಹೋಗ್ತಿದ್ದಿದ್ದು ಈಗಿನ ಇಂಡೋನೇಷ್ಯಾದ ಬಾಂಡಾ ಅನ್ನೋ ಪುಟ್ಟ ದ್ವೀಪಗಳಿಂದ, ಅಲ್ಲಿಂದ ಮಲಕ್ಕಾ, ಭಾರತದ ಬಂದರುಗಳು, ಅಲೆಕ್ಸಾಂಡ್ರಿಯಾ, ವೆನಿಸ್ ಅಂತ ಕೈ ಬದಲಾಯಿಸ್ತಾ ಹೋಗಿ ಪ್ರತಿ ಕಡೆ ಸುಂಕ, ಲಾಭ ಸೇರಿಕೊಳ್ತಿತ್ತು. ಈ ಮಧ್ಯವರ್ತಿಗಳನ್ನ ತಪ್ಪಿಸೋಕಂತಾನೇ ವಾಸ್ಕೋ ಡ ಗಾಮಾ 1498ರಲ್ಲಿ ಆಫ್ರಿಕಾ ಸುತ್ತಿ ಕಲ್ಲಿಕೋಟೆಗೆ ಬಂದಿದ್ದು. ಆಮೇಲಿಂದು ಓದಿದ್ರೆ ಹೊಟ್ಟೆ ಉರಿಯುತ್ತೆ, 1621ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಏಕಸ್ವಾಮ್ಯಕ್ಕಾಗಿ ಬಾಂಡಾದ ಜನರಲ್ಲಿ ಬಹುಪಾಲು ಮಂದೀನ ಕೊಂದು, ಗುಲಾಮರಾಗಿಸಿ, ಓಡಿಸಿಬಿಡ್ತು. ಅಡುಗೆ ಇತಿಹಾಸ ಹೇಳೋರು ಇದನ್ನ ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ. ಇಂಗ್ಲಿಷರೂ ಡಚ್ಚರೂ ಯುದ್ಧ ಮುಗಿಸಿ ಮಾಡ್ಕೊಂಡ 1667ರ ಬ್ರೆಡಾ ಒಪ್ಪಂದದಲ್ಲಿ ಬಾಂಡಾ ಗುಂಪಿನ ರನ್ ದ್ವೀಪ ಡಚ್ಚರ ಪಾಲಾಯ್ತು, ಈಗಿನ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ಇಂಗ್ಲಿಷರ ಹತ್ರ ಉಳೀತು.

ಶ್ರೀಮಂತಿಕೆ ತೋರಿಸ್ಕೊಳ್ಳೋದು, ಔಷಧಿ ಅನ್ನೋ ನಂಬಿಕೆ, ಇವೂ ಕಾರಣಾನೇ. ಆದ್ರೆ ಅಡುಗೆ ಮಾಡೋರಿಗೆ ಮುಖ್ಯ ಅಂದ್ರೆ ಘಮ. ಲವಂಗದ ಯೂಜಿನಾಲ್ ಥರದ ಎಣ್ಣೆ ಅಂಶಗಳು ನೀರಿಗಿಂತ ಕೊಬ್ಬಲ್ಲಿ ಚೆನ್ನಾಗಿ ಕರಗ್ತವೆ, ಹಾಗಾಗಿ ಬಿಸಿ ಎಣ್ಣೆ ತುಪ್ಪಕ್ಕೆ ಬಿದ್ದ ಚಿಟಿಕೆ ಮಸಾಲೆ ಇಡೀ ಪಾತ್ರೆಗೆ ಹರಡುತ್ತೆ. ಪುಡಿ ಮಾಡಿಟ್ರೆ ಅದೇ ಎಣ್ಣೆ ಬೇಗ ಹಾರಿಹೋಗುತ್ತೆ, ಇಡೀ ಕಾಳು ಮಾತ್ರ ತಿಂಗಳುಗಟ್ಟಲೆ ಹಡಗಲ್ಲಿದ್ರೂ ತಡ್ಕೊಳ್ತಿತ್ತು.