ಗಣಕದ ಗೋಳು: ಬ್ಯಾಸಗಿ ಮುಗದ ಮ್ಯಾಲ ಬಂದ ಪತ್ರಗಳು

ಈ ಸಲ ಬಂದ ಪ್ರಶ್ನಿಗಳೊಳಗ ಅರ್ಧಕ್ಕರ್ಧ ಪ್ರಿಂಟರಿನವೇ ಅವ, ಒಂದೇ ನಮೂನಿ ಇದ್ದವು ಕೂಡ್ಸಿ ಒಂದು ಮಾಡೀನಿ. ಎಲ್ಲರೂ ಕೊನಿಗೆ ಒಂದೇ ಮಾತು ಕೇಳ್ಯಾರ, "ಹೊಸಾದು ತಗೊಳ್ಳೋದೇ ಛಲೋ ಏನ್ರಿ?" ಅಂತ. ನಂದು ಉತ್ತರ, ಈ ಸಲದ ಪತ್ರಗಳ ಮಟ್ಟಿಗಂತೂ, ಬ್ಯಾಡ.

ಪ್ರಶ್ನೆ: ಮಕ್ಕಳ ಪ್ರಾಜೆಕ್ಟ್‌ಗೆ ಅಂತ ಇಂಕ್ ಟ್ಯಾಂಕ್ ಪ್ರಿಂಟರ್ ತಗೊಂಡೀವ್ರಿ. ಏಪ್ರಿಲ್, ಮೇ ಎರಡೂ ತಿಂಗಳು ಬಂದೇ ಇತ್ತು. ಈಗ ಸಾಲಿ ಸುರು ಆಯ್ತು ಅಂತ ಹಾಕಿದ್ರ ಕರಿ ಬಣ್ಣ ಬರೋದೇ ಇಲ್ಲ, ಹಳದಿ ಅರ್ಧಮರ್ಧ ಬರ್ತದ. ಟ್ಯಾಂಕಿನಾಗ ಇಂಕ್ ತುಂಬಿ ನಿಂತದ. ಕ್ಲೀನಿಂಗ್ ಕೊಟ್ಟು ಕೊಟ್ಟು ಸಾಕಾಯ್ತು.
– ಓದುಗರೊಬ್ಬರು, ಕಲಬುರಗಿ

ಉತ್ತರ: ಇದು ನಮ್ಮ ಕಡಿ ಬಿಸಲಿನ ಆಟ ನೋಡ್ರಿ. ಮನಿಯಾಗಿನ ಪ್ರಿಂಟರ್ ಜೊತಿ ಬರೋ ಪುಸ್ತಕದಾಗ ಬಹಳಷ್ಟು ಸಲ 35 ಡಿಗ್ರಿ ತನಕ ನಡೀತದ ಅಂತ ಬರದಿರ್ತದ, ನಮ್ಮಲ್ಲಿ ಏಪ್ರಿಲ್‌ದಾಗೇ 40 ದಾಟ್ತದ, ಮತ್ತ ಗಾಳಿನೂ ಒಣಾ ಒಣಾ. ಇಂಕ್ ಉಗುಳೋ ಭಾಗಕ್ಕ ಹೆಡ್ ಅಂತಾರ, ಅದರಾಗಿನ ತೂತು (ನೋಝಲ್) ಕೂದಲಕ್ಕಿಂತ ಸಣ್ಣವು, ಅಲ್ಲಿ ಒಂದ್ಹನಿ ಒಣಗಿದ್ರೂ ದಾರಿ ಬಂದ್. ಕರಿದೇ ಯಾಕ ಮೊದಲ ಬಂದ್ ಆಗ್ತದ ಅಂದ್ರ, ಭಾಳ ಮಾಡೆಲ್‌ನಾಗ ಕರಿ ಇಂಕ್ ಪಿಗ್ಮೆಂಟಿಂದು ಇರ್ತದ, ಅಂದ್ರ ನೀರಿನ್ಯಾಗ ಕರಗದ ಸಣ್ಣ ಪುಡಿ ತೇಲ್ತಿರ್ತದ, ಬಣ್ಣದವು ಕರಗಿದ ಡೈ ಇರ್ತಾವ.

ಈಗ ಏನ್ ಮಾಡ್ಬೇಕು? ಕ್ಲೀನಿಂಗ್ ಮ್ಯಾಲ ಕ್ಲೀನಿಂಗ್ ಕೊಡೋದು ನಿಂದರಸ್ರಿ ಮೊದಲ. ಪ್ರತಿ ಸಲ ಇಂಕ್ ಹೀರಿ ಒಳಗಿನ ವೇಸ್ಟ್ ಪ್ಯಾಡಿಗೆ ಚೆಲ್ತದ, ಆ ಪ್ಯಾಡ್ ತುಂಬಿತು ಅಂದ್ರ ಪ್ರಿಂಟರ್ ಇನ್ನ ನಾ ಏನೂ ಮಾಡಂಗಿಲ್ಲ ಅಂತ ಕುಂತುಬಿಡ್ತದ, ಅದು ಬ್ಯಾರೇ ಖರ್ಚು. ನೋಝಲ್ ಚೆಕ್ ಅಂತ ಒಂದು ಆಯ್ಕಿ ಇರ್ತದ, ಅದರ ಪುಟ ತೆಗೀರಿ, ಗೀಟು ಎಲ್ಲೆಲ್ಲಿ ಹರದಾವ ನೋಡ್ರಿ, ಒಂದು ಕ್ಲೀನಿಂಗ್ ಕೊಡ್ರಿ, ಮತ್ತ ಪುಟ ತೆಗೀರಿ. ಎರಡು ಮೂರು ಸಲಕ್ಕ ಸುಧಾರಿಸಲಿಲ್ಲ ಅಂದ್ರ ಬಂದ್ ಮಾಡಿ ರಾತ್ರಿಯೆಲ್ಲಾ ಹಂಗೇ ಬಿಡ್ರಿ, ಒಣಗಿದ್ದು ತಾನೇ ಹಸಿ ಆಗ್ಲಾಕ ಟೈಮ್ ಬೇಕು, ಮುಂಜಾನಿ ಮತ್ತೊಮ್ಮಿ ಕೊಡ್ರಿ. ಭಾಳ ಮಂದಿದು ಇಷ್ಟಕ್ಕೇ ಬಿಚ್ಕೋತದ. ಯೂಟ್ಯೂಬ್ ನೋಡಿ ಸಿರಿಂಜ್ ತಗೊಂಡು ಹೆಡ್‌ನಾಗ ಸ್ಪಿರಿಟ್ ಹೊಡೀಲಾಕ ಹೋಗ್ಬ್ಯಾಡ್ರಿ ಮತ್ತ.

ಇನ್ನೊಂದು ಮಾತು, ಇದು ಯಾರೂ ಹೇಳಂಗಿಲ್ಲ. ಪ್ರಿಂಟರ್ ಬಂದ್ ಮಾಡೋದು ಅದರದೇ ಬಟನ್‌ದಿಂದ, ಗ್ವಾಡಿ ಸ್ವಿಚ್‌ದಿಂದ ಅಲ್ಲ. ಬಟನ್ ಒತ್ತಿದ್ರ ಹೆಡ್ ಬಲಕ್ಕ ಸರದು ರಬ್ಬರ್ ಮುಚ್ಚಳದ ಮ್ಯಾಲ ಕೂಡ್ತದ, ಒಣಗಂಗಿಲ್ಲ. ಗ್ವಾಡಿ ಸ್ವಿಚ್ ತೆಗದ್ರ ಹೆಡ್ ಇದ್ದಲ್ಲೇ ಬಾಯಿ ತಕ್ಕೊಂಡು ನಿಂದರ್ತದ. ನಮ್ಮಲ್ಲಿ ಪ್ರಿಂಟ್ ನಡದಾಗೇ ಲೈಟ್ ಹೋಗ್ತದ, ಆವಾಗೂ ಇದೇ ಕತಿ, ಅದಕ್ಕ ಲೈಟ್ ಬಂದ ಮ್ಯಾಲ ಒಮ್ಮಿ ಚಾಲೂ ಮಾಡಿ ಬಟನ್‌ದಿಂದ ಬಂದ್ ಮಾಡಿ ಮಲ್ಕೋರಿ. ವಾರಕ್ಕೊಂದು ಕಲರ್ ಪುಟ ಸುಮ್ಮ ತೆಗೀರಿ, ರಂಗೋಲಿ ಚಿತ್ರ ಇದ್ರೂ ನಡೀತದ. ವಾರಗಟ್ಟಲೆ ಮುಟ್ಟದೇ ಇರೋ ಮನಿಗೆ ಖರೇ ಹೇಳ್ಬೇಕಂದ್ರ ಬ್ಲ್ಯಾಕ್ ಅಂಡ್ ವೈಟ್ ಲೇಸರ್ ಛಲೋ, ಅದರಾಗಿಂದು ಒಣಾ ಪುಡಿ, ಮತ್ತ ಒಣಗೋದೇನದ.

ಹಾಂ, ಇದೇ ಪತ್ರದಾಗ ಹಾಳಿ ಎರಡೆರಡು ಎಳೀತದ ಅಂತನೂ ಬರದೀರಿ. ಪ್ರಿಂಟರ್ ಕೂಲರ್ ಎದುರಿಗೆ ಅದ ಏನ್ರಿ? ಕೂಲರಿನ ಹಸಿ ಗಾಳಿಗೆ ಹಾಳಿ ನೀರು ಹೀರಿ ಮೆತ್ತಗಾಗಿ ಒಂದಕ್ಕೊಂದು ಹತ್ಕೋತಾವ. ಪ್ರಿಂಟರ್ ಆ ಕಡಿ ಸರಸ್ರಿ, ಬಂಡಲ್ ಪ್ಲಾಸ್ಟಿಕ್‌ನಾಗ ಸುತ್ತಿ ಇಡ್ರಿ.

ಪ್ರಶ್ನೆ: ಮನಿಯಾಗಿನ ಹಳೀ ಕಂಪ್ಯೂಟರ್ ಚಾಲೂ ಆಗ್ತದ, ಇಂಟರ್ನೆಟ್ ಬರ್ತದ, ಆದ್ರ ಬ್ಯಾಂಕು, ಸ್ಕಾಲರ್‌ಶಿಪ್ಪು ಯಾವ ಸೈಟ್ ತೆಗದ್ರೂ "ನಿಮ್ಮ ಸಂಪರ್ಕ ಖಾಸಗಿ ಅಲ್ಲ" ಅಂತ ಕೆಂಪಗ ತೋರಿಸ್ತದ. ವೈರಸ್ ಬಂದದ, ಫಾರ್ಮ್ಯಾಟ್ ಮಾಡ್ಬೇಕು ಅಂತ ಅಂಗಡಿಯವ್ರು ಅಂದ್ರು.
– ಮಾಸ್ತರ್ರೊಬ್ಬರು, ಶಹಾಪುರ

ಉತ್ತರ: ಫಾರ್ಮ್ಯಾಟ್ ಬ್ಯಾಡ್ರಿ. ಕೆಳಗ ಬಲಕ್ಕ ಗಡಿಯಾರ ನೋಡ್ರಿ, ತಾರೀಖು ಎಷ್ಟೋ ವರ್ಷ ಹಿಂದ ಹೋಗಿರ್ತದ. ಪ್ರತಿ ಸೈಟಿಗೂ ಒಂದು ಪ್ರಮಾಣಪತ್ರ ಇರ್ತದ, ಅದಕ್ಕ ಇಂಥಾ ದಿನದಿಂದ ಇಂಥಾ ದಿನದ ತನಕ ಅಂತ ಅವಧಿ ಇರ್ತದ, ನಿಮ್ಮ ಕಂಪ್ಯೂಟರ್ 2009ರಾಗ ಕುಂತಿದ್ರ ಆ ಪತ್ರ ಇನ್ನಾ ಹುಟ್ಟೇ ಇಲ್ಲಲ್ರಿ, ಹೆಂಗ ನಂಬ್ಬೇಕದು. ಕರೆಂಟ್ ಇಲ್ದಾಗ ಆ ಗಡಿಯಾರ ನಡಸ್ಲಾಕ ಮದರ್‌ಬೋರ್ಡ್ ಮ್ಯಾಲ ನಾಣ್ಯದಂಗ ದುಂಡಗ ಒಂದು ಸೆಲ್ ಇರ್ತದ, ಅದು ಮುಗದಿರ್ತದ, ಸಿಆರ್2032, ಮೂರು ವೋಲ್ಟಿಂದು, ವಾಚ್ ರಿಪೇರಿ ಅಂಗಡ್ಯಾಗೂ ಸಿಗ್ತದ. ಕರೆಂಟ್ ತೆಗದು ಸೆಲ್ ಬದಲಿ ಮಾಡ್ರಿ, ತಾರೀಖು ಸರಿ ಮಾಡ್ರಿ, ಮುಗೀತು. ಇಷ್ಟಾದ್ರೂ ಕೆಂಪು ಬಂತು ಅಂದ್ರ ಬ್ರೌಸರ್ ಭಾಳ ಹಳೀದು ಅಂತ ತಿಳೀರಿ.

ಪ್ರಶ್ನೆ: ನಾನು ನಿವೃತ್ತ. ಇಪ್ಪತ್ತು ವರ್ಷದ ಹಿಂದ ಟೈಪ್ ಮಾಡಿಸಿದ್ದ ವಚನಗಳ ಟಿಪ್ಪಣಿ ಕೆಲವು ಫ್ಲಾಪಿಯಾಗ, ಕೆಲವು ಸೀಡಿಯಾಗ ಅವ. ಸೀಡಿಯಾಗಿಂದು ಮೊಮ್ಮಗ ಲ್ಯಾಪ್‌ಟಾಪಿಗೆ ಹಾಕಿ ತೆಗದ್ರ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬು ಎಲ್ಲಾ ಕಲಸಿ ಕಾಣ್ತದ. ಕೆಟ್ಟು ಹೋಗ್ಯಾವೇನ್ರಿ?
– ಹಿರಿಯ ಓದುಗರು, ಬಸವಕಲ್ಯಾಣ

ಉತ್ತರ: ಕೆಟ್ಟಿಲ್ಲ ಸರ್, ನಿಮ್ಮ ಟಿಪ್ಪಣಿ ಹಂಗೇ ಅದ. ಆವಾಗ ನುಡಿ, ಬರಹ, ಶ್ರೀಲಿಪಿ, ಆಕೃತಿ ಇಂಥಾವುಗಳಾಗ ಟೈಪ್ ಮಾಡ್ತಿದ್ರು, ನುಡಿ ಅಂದ್ರ ಕನ್ನಡ ಗಣಕ ಪರಿಷತ್ತಿಂದು, ಬರಹ ಅಂದ್ರ ಶೇಷಾದ್ರಿ ವಾಸು ಅವರು 1998ರಾಗ ಬಿಟ್ಟದ್ದು. ಆ ಕಾಲದ ಫೈಲಿನ್ಯಾಗ ಕಂಪ್ಯೂಟರ್ ಇಟ್ಕೊಂಡದ್ದು ಇಂಗ್ಲಿಷ್ ಅಕ್ಷರದ ನಂಬರುಗಳನ್ನೇ, ಫಾಂಟ್ ಮಾತ್ರ ಆ ನಂಬರಿನ ಮ್ಯಾಲ ಕನ್ನಡದ ಚಿತ್ರ ಕೂಡಸ್ತಿತ್ತು. ಮೊಮ್ಮಗನ ಲ್ಯಾಪ್‌ಟಾಪ್‌ನಾಗ ಆ ಫಾಂಟ್ ಇಲ್ಲ, ಅದಕ್ಕ ಬುಡದಾಗಿನ ಇಂಗ್ಲಿಷ್ ಮ್ಯಾಲ ಎದ್ದದ.

ವರ್ಡ್‌ನಾಗ ಫೈಲ್ ತೆಗದು ಒಂದು ಸಾಲು ಸೆಲೆಕ್ಟ್ ಮಾಡಿ ಮ್ಯಾಲ ಫಾಂಟ್ ಹೆಸರು ಏನ್ ತೋರಿಸ್ತದ ನೋಡ್ರಿ. ನುಡಿ ಅಂತ ಸುರು ಆದ್ರ ನುಡಿದು, ಬಿಆರ್‌ಎಚ್ ಅಂತ ಇದ್ರ ಬರಹದ್ದು. ಆ ಫಾಂಟ್ ಹಾಕಿದ ಕೂಡ್ಲೇ ಕನ್ನಡ ಕಾಣ್ತದ. ಆದ್ರ ಅಷ್ಟಕ್ಕ ಬಿಡಬ್ಯಾಡ್ರಿ, ಯುನಿಕೋಡ್‌ಗೆ, ಅಂದ್ರ ಕನ್ನಡ ಅಕ್ಷರಕ್ಕ ಅದರದೇ ನಂಬರ್ ಇರೋ ಪದ್ಧತಿಗೆ, ಬದಲಿ ಮಾಡ್ರಿ, ಇಲ್ಲಂದ್ರ ವಾಟ್ಸಾಪ್‌ನಾಗ ಕಳಸ್ಲಾಕೂ ಬರಂಗಿಲ್ಲ, ಹುಡುಕ್ಲಾಕೂ ಬರಂಗಿಲ್ಲ. ನುಡಿ ತಂತ್ರಾಂಶದ ಜೊತಿಗೇ ಪರಿವರ್ತಕ ಬರ್ತದ. ಒಂದು ಎಚ್ಚರ, ಶ್ರೀಲಿಪಿ ಫೈಲು ನುಡಿ ಪರಿವರ್ತಕಕ್ಕ ಹಾಕಿದ್ರ ಇನ್ನಷ್ಟು ಗೊಂದಲ, ಒಂದೊಂದರ ಲೆಕ್ಕ ಒಂದೊಂದು. ಬದಲಿ ಮಾಡಿದ ಮ್ಯಾಲ ಅರ್ಕಾವತ್ತು, ಒತ್ತಕ್ಷರ, ಅಂಕಿ ಇವು ಮೂರೂ ಕಣ್ಣಿಟ್ಟು ನೋಡ್ರಿ, ನಡುವ ಇಂಗ್ಲಿಷ್ ಪದ ಇದ್ರ ಅವೂ ಅಸಂಬದ್ಧ ಕನ್ನಡ ಆಗಿರ್ತಾವ. ವಚನದ ಪಾಠ ಅಂದ್ಮ್ಯಾಲ ಒಂದು ಒತ್ತು ಹೋದ್ರೂ ಅರ್ಥ ಹೋಗ್ತದ, ಅದಕ್ಕ ಮೂಲ ಫೈಲು ಎಂದೂ ಅಳಸಬ್ಯಾಡ್ರಿ.

ಫ್ಲಾಪಿಗೆ ಬರೋಣ. ಯುಎಸ್‌ಬಿ ಫ್ಲಾಪಿ ಡ್ರೈವ್ ಆನ್‌ಲೈನ್‌ದಾಗ ಇನ್ನಾ ಸಿಗ್ತದ, ಈಗಿನ ವಿಂಡೋಸ್‌ಗೂ ನಡೀತದ. ಹಾಕೋಕಿಂತ ಮೊದಲ ಫ್ಲಾಪಿ ಮೂಲ್ಯಾಗಿನ ಸಣ್ಣ ಗುಂಡಿ ಸರಿಸಿ ತೂತು ಕಾಣೋ ಹಂಗ ಮಾಡ್ರಿ, ಅಂದ್ರ ಕಂಪ್ಯೂಟರ್ ಅದರ ಮ್ಯಾಲ ಬರೀಲಾಕ ಆಗಂಗಿಲ್ಲ. ಲೋಹದ ಬಾಗಲಾ ಸರಿಸಿ ಒಳಗ ನೋಡ್ರಿ, ಬಿಳಿ ಬೂಸರು ಕಂಡ್ರ ಹಾಕಬ್ಯಾಡ್ರಿ, ಡ್ರೈವಿನ ಹೆಡ್ಡೂ ಹೊಲಸಾಗಿ ಮುಂದಿನ ಫ್ಲಾಪಿಗಳೂ ಹಾಳಾಗ್ತಾವ. ಒಂದರಾಗ ಹಿಡಸೋದೇ 1.44 ಎಂಬಿ, ಎಲ್ಲಾ ಸೇರಿಸಿದ್ರೂ ಒಂದು ಪೆನ್‌ಡ್ರೈವಿನ ಮೂಲ್ಯಾಗ ಕೂಡ್ತಾವ, ಪೆನ್‌ಡ್ರೈವ್ ಒಂದರಾಗ, ಮೇಲ್‌ನಾಗ ಒಂದು ಅಂತ ಎರಡು ಕಡಿ ಇಡ್ರಿ. ಸೀಡಿಗಳನ್ನೂ ಈಗೇ ಕಾಪಿ ಮಾಡ್ಕೋರಿ, ಮನ್ಯಾಗ ಬರದ ಸೀಡಿ ಬೆಳಕು, ಬಿಸಲಿಗೆ ಬಣ್ಣ ಕಳ್ಕೋತಾವ. ಮೊಮ್ಮಗನಿಗೆ ಒಂದು ರಜಾದ ಕೆಲಸ ಆಯ್ತು ಬಿಡ್ರಿ.

ಪ್ರಶ್ನೆ: ನಮ್ದು ಗಂಜ್‌ನಾಗ ಅಡತ್ ಅಂಗಡಿ. ತೊಗರಿ ಪಟ್ಟಿ ಮಾಡೋ ಪ್ರೋಗ್ರಾಂ ಅಪ್ಪಾಜಿ ಕಾಲದ್ದು, ಕಪ್ಪು ಸ್ಕ್ರೀನಿಂದು. ಹೊಸಾ ಕಂಪ್ಯೂಟರ್ ತಂದ ಮ್ಯಾಲ ನಡೀವಲ್ದು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಪಿನ್ ಹಚ್ಚೋ ಜಾಗಾನೂ ಇಲ್ಲ. ಪ್ರಿಂಟರ್ ಮಾರಿಬಿಡ್ಲಾ?
– ವ್ಯಾಪಾರಿಯೊಬ್ಬರು, ನೆಹರು ಗಂಜ್, ಕಲಬುರಗಿ

ಉತ್ತರ: ಪ್ರಿಂಟರ್ ಮಾರಬ್ಯಾಡ್ರಿ. ಒಂದೇ ಹೊಡತಕ್ಕ ಮೂರು ಕಾರ್ಬನ್ ಪ್ರತಿ ತೆಗಿಯೋದು ಡಾಟ್ ಮ್ಯಾಟ್ರಿಕ್ಸ್ ಒಂದೇ, ಅದು ಪಿನ್ನಿಲೆ ಗುದ್ದಿ ಬರೀತದ, ಲೇಸರ್, ಇಂಕ್‌ಜೆಟ್ ಗುದ್ದಂಗೇ ಇಲ್ಲ. ತೊಗರಿ ಧೂಳಿನ್ಯಾಗೂ ಬಾಳೋದು ಅದೇ.

ಪ್ರೋಗ್ರಾಂ ಯಾಕ ನಡೀವಲ್ದು ಅಂದ್ರ ಅದು ಡಾಸ್, ಅಂದ್ರ ವಿಂಡೋಸ್‌ಕಿಂತ ಮೊದಲಿನ ವ್ಯವಸ್ಥಾ, ಆ ಕಾಲದ 16 ಬಿಟ್ಟಿಂದು. 64 ಬಿಟ್ ವಿಂಡೋಸ್ ಅದನ್ನ ನೇರ ನಡಸಂಗಿಲ್ಲ, ವಿಂಡೋಸ್ 11 ಬರೋದೇ 64 ಬಿಟ್‌ನಾಗ. ಹಳೀ ಕಂಪ್ಯೂಟರ್ ಇನ್ನಾ ಚಾಲೂ ಇದ್ರ ಅದನ್ನ ಇಂಟರ್ನೆಟ್ ಇಲ್ದೇ ಬರೀ ಪಟ್ಟಿ ಕೆಲಸಕ್ಕ ಇಡೋದು ಎಲ್ಲಕ್ಕಿಂತ ಸಲೀಸು. ಹೊಸಾದ್ರಾಗೇ ಬೇಕಂದ್ರ ವಿಡಾಸ್ ಇಲ್ಲಾ ಡಾಸ್‌ಬಾಕ್ಸ್-ಎಕ್ಸ್ ಹಾಕಿಸ್ರಿ, ಇವು ಡಾಸ್ ಕೊಟ್ಟ ಪ್ರಿಂಟನ್ನ ವಿಂಡೋಸಿನ ಪ್ರಿಂಟರಿಗೆ ದಾಟಸ್ತಾವ, ಸಾದಾ ಡಾಸ್‌ಬಾಕ್ಸ್ ಆಟಕ್ಕ ಅಂತ ಮಾಡಿದ್ದು, ಅದರಾಗ ಪ್ರಿಂಟ್ ಬರಂಗಿಲ್ಲ. ಪಿನ್ನಿನ ಜಾಗಕ್ಕ ಯುಎಸ್‌ಬಿಯಿಂದ ಪ್ಯಾರಲಲ್ ಕೇಬಲ್ ಬರ್ತದ, ಆದ್ರ ಪ್ರಿಂಟರ್ ಹಿಂದ ತಿರುಗಿಸಿ ನೋಡ್ರಿ, ಭಾಳ ಪ್ರಿಂಟರಿಗೆ ಯುಎಸ್‌ಬಿ ಕಿಂಡಿನೂ ಇರ್ತದ, ಕೇಬಲ್ ತಂದ ಮ್ಯಾಲ ಕಾಣೋದು ಬ್ಯಾಡ. ಅಕ್ಷರ ಮಂದ ಬಂದ್ರ ರಿಬ್ಬನ್ ಬದಲಿ ಮಾಡೋಕಿಂತ ಮೊದಲ ಒಳಗ ಬಾಜೂಕ ಇರೋ ಸಣ್ಣ ಲಿವರ್ ನೋಡ್ರಿ, ಅದು ದಪ್ಪ ಹಾಳಿಗೆ ಇಟ್ಟಿದ್ರ ಹೆಡ್ ದೂರ ನಿಂದರ್ತದ.

ಮುಂದ ಎಂದಾದ್ರೂ ಹೊಸಾ ಲೆಕ್ಕದ ಪ್ರೋಗ್ರಾಂಗೆ ಹೋಗ್ತೀರಂದ್ರ ಹಳೀ ಫೋಲ್ಡರ್‌ನಾಗ ಡಿಬಿಎಫ್ ಅಂತ ಮುಗಿಯೋ ಫೈಲು ಇದ್ದಾವೇನು ನೋಡ್ರಿ, ಫಾಕ್ಸ್‌ಪ್ರೋ ಕಾಲದವು, ಅವನ್ನ ಲಿಬ್ರೆಆಫೀಸ್ ಕ್ಯಾಲ್ಕ್‌ನಾಗ ಪುಕ್ಕಟ ತೆಗೀಬಹುದು. ತೆಗಿಯೋದು ಮಾತ್ರ ಕಾಪಿ ಮಾಡಿದ ಫೈಲ್, ಅಸಲಿ ಮುಟ್ಟಬ್ಯಾಡ್ರಿ.

ಪ್ರಶ್ನೆ: ಅಣ್ಣ ಕೊಟ್ಟ 2016ರ ಲ್ಯಾಪ್‌ಟಾಪ್, ವಿಂಡೋಸ್ 10 ಅದ. ಇನ್ನ ಇದು ಉಪಯೋಗ ಇಲ್ಲ, ಹೊಸಾದು ತಗೋ ಅಂತಾರ ಎಲ್ಲರೂ. ರೊಕ್ಕ ಇಲ್ಲ.
– ವಿದ್ಯಾರ್ಥಿನಿ, ಹುಮನಾಬಾದ

ಉತ್ತರ: ವಿಂಡೋಸ್ 10ಕ್ಕ ಸಾದಾ ಬೆಂಬಲ 2025ರ ಅಕ್ಟೋಬರ್ 14ಕ್ಕ ನಿಂತದ, ಅದು ಖರೇ. ಆದ್ರ ಮನಿ ಬಳಕಿಗೆ ಹೆಚ್ಚಿನ ಸುರಕ್ಷಾ ಅಪ್‌ಡೇಟ್ 2026ರ ಅಕ್ಟೋಬರ್ 13ರ ತನಕ ಅಂತ ಇಟ್ಟಾರ, ಸೆಟ್ಟಿಂಗ್‌ನಾಗ ಅಪ್‌ಡೇಟ್ ಪುಟಕ್ಕ ಹೋಗಿ ಮೈಕ್ರೋಸಾಫ್ಟ್ ಖಾತೆಯಿಂದ ಸೇರ್ಕೋಬಹುದು. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನಾಗ ಸುಮಾರು ಎಂಟನೇ ಪೀಳಿಗಿಯಿಂದ ಮ್ಯಾಲ ಕೇಳ್ತದ, ನಿಮ್ದು ಅದರಾಗ ಬರಂಗಿಲ್ಲ. ಒತ್ತಾಯ ಮಾಡಿ ಹಾಕೋ ದಾರಿ ಅವ, ನಾನಂತೂ ಹೇಳಂಗಿಲ್ಲ. ಲಿನಕ್ಸ್ ಮಿಂಟ್ ಅಂತ ವಿಂಡೋಸ್ ಬದಲಿಗೆ ನಡಿಯೋ ಪುಕ್ಕಟ ವ್ಯವಸ್ಥಾ ಅದ, ಅದನ್ನ ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡ್ದೇ, ಒಂದು ದಿನ ಹಂಗೇ ನಡಿಸಿ ನೋಡ್ರಿ, ವೈಫೈ, ಪ್ರಿಂಟರ್ ಎಲ್ಲಾ ಹತ್ತಿದ್ರ ಆಮ್ಯಾಲ ವಿಚಾರ ಮಾಡ್ರಿ. ನುಡಿ ಕೀಲಿ ಅಭ್ಯಾಸ ಇದ್ರ ಹೆದರಬ್ಯಾಡ್ರಿ, ಅದರಾಗ ಕೀಬೋರ್ಡ್ ಪಟ್ಟಿಯೊಳಗ ಕನ್ನಡ ಕಗಪ (ಕನ್ನಡ ಗಣಕ ಪರಿಷತ್ತಿನ ಸಣ್ಣ ಹೆಸರು) ಅಂತ ಒಂದು ಅದ. ಖರ್ಚು ಮಾಡೋದೇ ಇದ್ರ ಹಾರ್ಡ್‌ಡಿಸ್ಕ್ ತೆಗದು ಎಸ್‌ಎಸ್‌ಡಿ (ತಿರುಗೋ ತಟ್ಟಿ ಇಲ್ಲದ ಜೋರಿನ ಡಿಸ್ಕ್) ಹಾಕಿಸ್ರಿ, ಚಾಲೂ ಆಗೋದ್ರಾಗೇ ಫರಕ್ ಕಾಣ್ತದ, ಜೊತಿಗೆ ಫ್ಯಾನಿನ ಧೂಳು ಊದಿಸಿ ಪ್ರೊಸೆಸರಿನ ಬಿಸಿ ದಾಟಿಸೋ ಹಳೀ ಥರ್ಮಲ್ ಪೇಸ್ಟ್ ಬದಲಿ ಮಾಡಿಸ್ರಿ.

ಪ್ರಶ್ನೆ: ಲೇಸರ್ ಪ್ರಿಂಟ್ ಕೊಟ್ಟ ಕೂಡ್ಲೇ ಯುಪಿಎಸ್ ಚೀರಿ ಕಂಪ್ಯೂಟರ್ ಬಂದ್ ಆಗ್ತದ.
– ಓದುಗರೊಬ್ಬರು, ಸೇಡಂ

ಉತ್ತರ: ಪ್ರಿಂಟರ್ ಪ್ಲಗ್ ಯುಪಿಎಸ್‌ದಿಂದ ತೆಗದು ಸೀದಾ ಗ್ವಾಡಿಗೆ ಹಚ್ಚರಿ. ಲೇಸರ್ ಒಳಗ ಪುಡಿ ಕರಗಿಸ್ಲಾಕ ಹೀಟರ್ ಅದ, ಕಾಯೋ ಹೊತ್ತಿಗೆ ನೂರಾರು ವಾಟ್ ಒಮ್ಮೆಗೇ ಎಳೀತದ, ಮನಿಯಾಗಿನ 600 ವಿಎ ಯುಪಿಎಸ್ ಕೊಡೋದು ಹೆಚ್ಚಂದ್ರ 360 ವಾಟಿನ ಆಜೂಬಾಜು. ಪ್ರಿಂಟರ್ ತೆಗದ ಮ್ಯಾಲೂ ಎರಡು ನಿಮಿಷಕ್ಕ ಬಂದ್ ಆದ್ರ ಬ್ಯಾಟರಿ ಮುಗದದ, 12 ವೋಲ್ಟ್ 7 ಎಎಚ್ ಅಂತ ಕೇಳ್ರಿ, ಹಳೀದು ಅಂಗಡಿಗೇ ವಾಪಸ್ ಕೊಡ್ರಿ, ಸೀಸ ಇರ್ತದ ಅದರಾಗ. ಬ್ಯಾಟರಿ ಇರೋ ಜಾಗಾ ಹತ್ತು ಡಿಗ್ರಿ ಹೆಚ್ಚಾದ್ರ ಅದರ ಆಯಸ್ಸು ಸುಮಾರು ಅರ್ಧ ಆಗ್ತದ, ಅದಕ್ಕ ಪಶ್ಚಿಮದ ಗ್ವಾಡಿಗೆ ಹಚ್ಚಿ ಇಟ್ಟಿದ್ರ ಅಲ್ಲಿಂದ ತೆಗೀರಿ.